ಕೌದಿಯ ಕೆಳಗಿನ ಕೈ

ಕೌದಿಯನ್ನು ಮಗುಚಿ ಹಾಕಿದಾಗ ಅಡಿಯ ಬಿಳಿ ಬಟ್ಟೆಯ ಮೇಲೆ ರಕ್ತದ ಚುಕ್ಕೆಗಳಿದ್ದವು.

ಎಲ್ಲವೂ ಒಂದೇ ಬದಿಯಲ್ಲಿದ್ದವು. ನಾನು ಕೂತು ಹೊಲಿಯುತ್ತಿದ್ದ ಬದಿಯಲ್ಲಿ. ಹೊಲಿಗೆಯ ಸಾಲು ಹೋದಲ್ಲೆಲ್ಲ ಅವೂ ಹೋಗಿದ್ದವು. ಕೆಲವು ಒಣಗಿ ಕಂದಾಗಿದ್ದವು, ಕೆಲವು ಇನ್ನೂ ಹಸಿಯಾಗಿದ್ದವು. ಮೊದಲು ನೋಡಿದವರು ಎದುರು ಬದಿಯಲ್ಲಿದ್ದ ಜೈನಾಬಮ್ಮ. ನಮ್ಮ ಪಕ್ಕದ ಮನೆಯವರು. ಅವರ ಗಂಡನದು ಹೊನ್ನಾಳಿ ಪೇಟೆಯಲ್ಲಿ ಟೈಲರ್ ಅಂಗಡಿ. ಅವ್ವ ಕೌದಿ ಹಾಸಿದಳೆಂದರೆ ಎದುರು ಬದಿಗೆ ಅವರೇ ಬರಬೇಕು. ಅವರು ಬೆರಳನ್ನು ನಾಲಿಗೆಗೆ ತಾಗಿಸಿ ಹಸಿ ಚುಕ್ಕೆಯೊಂದನ್ನು ಉಜ್ಜಿದರು. ಅದೇ ಬೆರಳನ್ನು ಮತ್ತೆ ನಾಲಿಗೆಗೆ ತಾಗಿಸಿ ಇನ್ನೊಂದನ್ನು ಉಜ್ಜಿದರು. ಹೊಲಿಯುವವರು ರಕ್ತದ ಕಲೆಯನ್ನು ಹಾಗೆಯೇ ತೆಗೆಯುತ್ತಾರೆ.

“ಟೀಚರಮ್ಮ ಮೈಸೂರಿಗೆ ಓದಾಕೆ ಹೋಗಿ ಸೂಜಿ ಹಿಡಿಯಾದು ಮರ್ತು ಬಂದಾಳೆ ನೋಡ್ರಿ ಅಕ್ಕಾರೆ” ಎಂದು ನನ್ನನ್ನು ತೋರಿಸಿ ಅವ್ವನಿಗೆ ಹೇಳಿ ನಕ್ಕರು.

ನಾನೂ ನಕ್ಕೆ. ಆಮೇಲೆ ಎಡಗೈಯನ್ನು ಹೊರಳಿಸಿ ನೋಡಿಕೊಂಡೆ. ಹೊಲಿಯುವಾಗ ಬಲಗೈ ಮೇಲಿರುತ್ತದೆ, ಎಡಗೈ ಬಟ್ಟೆಯ ಕೆಳಗಿದ್ದು ಸೂಜಿಯ ಮೊನೆ ಬಂತೋ ಇಲ್ಲವೋ ನೋಡಿ ಹಿಂದಕ್ಕೆ ಕಳಿಸುತ್ತದೆ. ಕೆಳಗಿನ ಕೈಗೆ ಕಣ್ಣಿಲ್ಲ, ಮುಟ್ಟಿಯೇ ತಿಳಿಯಬೇಕು. ಉಂಗುರದ ಬೆರಳು ಮತ್ತು ಕಿರುಬೆರಳಿನ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳು ಒತ್ತೊತ್ತಾಗಿದ್ದವು.

ನನಗೆ ನೋವಾಗಿರಲಿಲ್ಲ.

ನಮ್ಮ ಮನೆಯಲ್ಲಿ ಕೌದಿಯನ್ನು ಮಾರುವುದಿಲ್ಲ. ನೆಂಟರಲ್ಲಿ ಮದುವೆಯಾದರೆ, ಕೂಸು ಹುಟ್ಟಿದರೆ, ಪರಿಚಯದವರು ಬೇರೆ ಊರಿಗೆ ವರ್ಗವಾದರೆ ಅವ್ವ ಒಂದು ಕೌದಿ ಹಾಕಿ ಕೊಡುತ್ತಾಳೆ. ನನ್ನ ಜೊತೆ ಬಿ.ಎ. ಓದಿದ ಗೆಳತಿಯ ಮದುವೆಗೆ ನಾನೇ ಒಂದನ್ನು ಹೊಲಿದು ಕೊಟ್ಟಿದ್ದೆ. ನಾನು ಪಾಠ ಹೇಳುವ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಅವರ ತಾಯಿಗೆ ಇನ್ನೊಂದು. ಈಗ ನೆಲದ ಮೇಲೆ ಹಾಸಿದ್ದು ಅಕ್ಕನ ಕೂಸಿಗೆ.

ಗಿರಿಜಕ್ಕನನ್ನು ಜಗಳೂರಿಗೆ ಕೊಟ್ಟು ಬಹಳ ವರ್ಷವಾಗಿತ್ತು. ಇದು ಮೊದಲ ಬಸಿರು. ಬಾಣಂತನಕ್ಕೆ ನಮ್ಮ ಮನೆಗೇ ಬರುವವಳಿದ್ದಳು. ಯುದ್ಧದ ಕಾಲ, ಬಟ್ಟೆಗೆ ಕಂಟ್ರೋಲ್ ಬಂದು ಹಳೆಯ ಸೀರೆ ಎಂಬುದೇ ಯಾರ ಮನೆಯಲ್ಲೂ ಉಳಿದಿರಲಿಲ್ಲ, ಹರಿದದ್ದನ್ನೇ ಹೊಲಿದು ಉಡುತ್ತಿದ್ದರು. ಆದರೂ ಅವ್ವ ಕೂಡಿಸಿದ್ದಳು. ಅಡಿಯಲ್ಲಿ ತೀರಿಕೊಂಡ ಅಪ್ಪನ ಪಂಚೆ. ಒಳಗೆ ಅಜ್ಜಿಯ ಮೆತ್ತನೆಯ ಸೀರೆ. ಮೇಲೆ ನಾನೂ ಅಕ್ಕನೂ ಚಿಕ್ಕಂದಿನಲ್ಲಿ ಹಾಕಿಕೊಂಡ ಲಂಗಗಳ ತುಂಡುಗಳು, ನೀಲಿ, ಕೆಂಪು, ಹಳದಿ. ಇದನ್ನು ನಾನು ಬಹಳ ಮನಸ್ಸಿಟ್ಟು ಹೊಲಿಯುತ್ತಿದ್ದೆ. ಈ ಕೌದಿ ಅಕ್ಕನ ಕೂಸಿನ ಮೈಗೆ ಸೇರಬೇಕು ಎನ್ನುವುದನ್ನು ಬಿಟ್ಟು ಆ ದಿನಗಳಲ್ಲಿ ನನಗೆ ಬೇರೆ ಆಸೆಯಿರಲಿಲ್ಲ.

ಎಡ ಮೊಣಕೈಯ ಕೆಳಗೆ ಒಂದು ಮಸುಕು ಮಚ್ಚೆ ಹಿಂದಿನ ಚಳಿಗಾಲದಿಂದಲೇ ಇತ್ತು. ಅವ್ವ ಅದನ್ನು ಸಿಬ್ಬು ಎಂದು ಹೇಳಿ ಏನೇನೋ ಅರೆದು ಹಚ್ಚುತ್ತಿದ್ದಳು. ಒಳಗೆ ಅವಳಿಗಿದ್ದದ್ದು ತೊನ್ನಿನ ಹೆದರಿಕೆ. ತೊನ್ನಾದರೆ ನನಗೆ ಮದುವೆಯಾಗುವುದಿಲ್ಲ ಎಂದು ಅವಳು ಅಡುಗೆಮನೆಯಲ್ಲಿ ಒಬ್ಬಳೇ ಲೆಕ್ಕ ಹಾಕಿದ್ದು ನನಗೆ ಗೊತ್ತಿತ್ತು. ರಕ್ತ ಕಂಡ ಮಧ್ಯಾಹ್ನ ನಾನು ಸೂಜಿ ತೆಗೆದುಕೊಂಡು ಹಿತ್ತಲಿಗೆ ಹೋದೆ. ಮಚ್ಚೆಯ ಸುತ್ತ ಚುಚ್ಚಿಕೊಂಡೆ. ನೋಯಿತು. ಮಚ್ಚೆಯ ಮೇಲೆ ಚುಚ್ಚಿಕೊಂಡೆ.

ಬೇರೆ ಯಾರದೋ ಕೈಯಂತಿತ್ತು.

ದಾವಣಗೆರೆಯ ಆಸ್ಪತ್ರೆಗೆ ಅವ್ವನ ಜೊತೆ ಹೋದೆ. ಪೆಟ್ರೋಲಿಲ್ಲದ ಕಾಲ, ಇದ್ದಿಲಿನ ಬಸ್ಸು ದಾರಿಯುದ್ದಕ್ಕೂ ನಿಂತು ನಿಂತು ಹೊರಟಿತು. ಡಾಕ್ಟರು ಮಧ್ಯವಯಸ್ಸಿನವರು, ಮೈಸೂರು ಕಡೆಯವರು. ನನ್ನ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿದರು. ಗುಂಡುಸೂಜಿಯಿಂದ ಮುಟ್ಟಿದರು. ಬಿಸಿನೀರು, ತಣ್ಣೀರು ತುಂಬಿದ ಎರಡು ಗಾಜಿನ ನಳಿಗೆಗಳನ್ನು ಒಂದಾದ ಮೇಲೊಂದು ಮಚ್ಚೆಗೆ ತಾಗಿಸಿ ಯಾವುದು ಬಿಸಿ ಎಂದು ಕೇಳಿದರು. ನಾನು ಊಹಿಸಿ ಹೇಳಿದೆ. ಯಾವ ಪರೀಕ್ಷೆಯಲ್ಲೂ ನಾನು ಅದುವರೆಗೆ ಊಹಿಸಿ ಉತ್ತರ ಕೊಟ್ಟವಳಲ್ಲ. ಮೊಣಕೈಯ ಹಿಂದೆ ಬೆರಳಿಟ್ಟು ಒಂದು ನರವನ್ನು ಹಿಡಿದರು; ಚರ್ಮದಡಿಯಲ್ಲಿ ಅದು ಹುರಿಯಂತೆ ದಪ್ಪವಾಗಿತ್ತು. ಕಿವಿಯ ಹಾಲೆಯನ್ನು ಕೊಂಚ ಗೀರಿ, ಗಾಜಿನ ತುಂಡಿಗೆ ಸವರಿ ಸ್ಮಿಯರ್ ತೆಗೆದರು. ಫಲಿತಾಂಶ ಬರುವವರೆಗೆ ವರಾಂಡದಲ್ಲಿ ಕೂತೆವು. ಆಮೇಲೆ ಒಳಗೆ ಕರೆದು, ನಾನು ಓದಿದವಳೆಂದು ತಿಳಿದಿದ್ದರಿಂದ, ಇಂಗ್ಲಿಷಿನಲ್ಲಿ ಹೇಳಿದರು.

ಲೆಪ್ರಸಿ. ನ್ಯೂರಲ್ ಟೈಪ್. ಸ್ಮಿಯರ್ ನೆಗೆಟಿವ್.

ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತೊನ್ನಲ್ಲ ಎಂದೆ. ಅವಳ ಮುಖ ಒಂದು ಕ್ಷಣ ಬೆಳಗಿತು. ಉಳಿದ ಮಾತನ್ನೂ ಕನ್ನಡದಲ್ಲಿ ನಾನೇ ಹೇಳಬೇಕಾಯಿತು.

“ದೊಡ್ಡ ರೋಗ ಅವ್ವಾ.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗ ಡಾಕ್ಟರು ಅವಳ ಕಡೆ ತಿರುಗಿ ಸಾವಕಾಶವಾಗಿ ವಿವರಿಸಿದರು. ಇದು ಅಂಟುವ ಬಗೆಯಲ್ಲ. ನಾನು ಮನೆಯಲ್ಲೇ ಇರಬಹುದು, ಎಲ್ಲರ ಜೊತೆ ಉಣ್ಣಬಹುದು. ವಾರಕ್ಕೊಮ್ಮೆ ಬಂದು ಚಾಲ್‌ಮೂಗ್ರಾ ಎಣ್ಣೆಯ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ಬೇಗ ಬಂದದ್ದು ಒಳ್ಳೆಯದಾಯಿತು. ನಾನು ಹೊಲಿದು ಕೊಟ್ಟ ಕೌದಿಗಳ ವಿಷಯ ಕೇಳಿದೆ. ಬಟ್ಟೆಯಿಂದ ಏನೂ ಆಗುವುದಿಲ್ಲ, ಸಮಾಧಾನ ಬೇಕಿದ್ದರೆ ಕುದಿಸಿ ಬಿಸಿಲಿಗೆ ಹಾಕಿ ಎಂದರು. ನಾನು ಹೊಲಿಯಬಹುದೇ ಎಂದೆ. ಹೊಲಿಯಿರಿ, ಆದರೆ ಇನ್ನು ಮೇಲೆ ಬೆರಳನ್ನು ನಂಬಬೇಡಿ, ಕಣ್ಣನ್ನು ನಂಬಿ ಎಂದರು. ನಾವು ಎದ್ದು ಬಾಗಿಲಿಗೆ ಬಂದಾಗ, ನೆನಪಾದವರಂತೆ ಇನ್ನೊಂದು ಮಾತು ಸೇರಿಸಿದರು.

“ಎಳೇ ಮಕ್ಕಳ ಹತ್ತಿರ ಮಾತ್ರ ಸ್ವಲ್ಪ ಎಚ್ಚರವಾಗಿರಿ.”

ಅವರು ಅಷ್ಟು ಹೊತ್ತು ಹೇಳಿದ್ದರಲ್ಲಿ ಅವ್ವ ಮನೆಗೆ ತಂದದ್ದು ಆ ಕೊನೆಯ ಮಾತೊಂದನ್ನೇ. ಬಸ್ಸಿನಲ್ಲಿ ಹೋಗುವಾಗ ನನ್ನ ಎಡಕ್ಕೆ ಕೂತಿದ್ದವಳು ಹಿಂದಿರುಗುವಾಗ ಬಲಕ್ಕೆ ಕೂತಳು.

ಮನೆಯಲ್ಲಿದ್ದವರು ನಾವಿಬ್ಬರೇ. ಆದರೆ ಮರುದಿನದಿಂದ ನನ್ನ ತಟ್ಟೆ ಲೋಟಗಳಿಗೆ ಒಂದು ಜಾಗ ಗೊತ್ತಾಯಿತು. ಕಿಟಕಿಯ ಬಲಕ್ಕೆ, ಗೂಡಿನಲ್ಲಿ. ಅವ್ವ ಅದನ್ನು ಬೇಕೆಂದು ಮಾಡಿದಳೋ ಅವಳ ಕೈಯೇ ಮಾಡಿತೋ ತಿಳಿಯದು. ನಾನು ಉಂಡ ತಟ್ಟೆಯನ್ನು ನಾನೇ ತೊಳೆದು ಗೂಡಿನಲ್ಲಿಡಲು ಕಲಿತೆ. ಶಾಲೆಗೆ ನರದೌರ್ಬಲ್ಯವೆಂದು ಬರೆದು ರಜೆ ತೆಗೆದುಕೊಂಡೆ. ಒಂದು ದಿನ ನನ್ನ ಮೂರನೇ ತರಗತಿಯ ಹುಡುಗಿಯರು ಮಾತನಾಡಿಸಲು ಬಂದರು. ಅವ್ವ ಅವರನ್ನು ಕಟ್ಟೆಯಲ್ಲೇ ಕೂರಿಸಿ ಮಂಡಕ್ಕಿ ಕೊಟ್ಟು ಕಳಿಸಿದಳು. ನಾನು ಒಳಗಿನಿಂದ ಅವರ ಧ್ವನಿಗಳನ್ನು ಒಂದೊಂದಾಗಿ ಗುರುತಿಸಿದೆ.

ಅರ್ಧಕ್ಕೆ ನಿಂತ ಕೌದಿಯನ್ನು ಅವ್ವ ಮಡಚಿ ಅಟ್ಟಕ್ಕೆ ಹಾಕಿದ್ದಳು.

ಜೈನಾಬಮ್ಮ ಸೂಜಿಯ ಜೊತೆ ಬಂದರು. ಅಕ್ಕನ ದಿನ ಹತ್ತಿರವಾಗುತ್ತಿದೆ, ಕೌದಿ ಯಾವಾಗ ಮುಗಿಸುವುದು ಎಂದು ಕೇಳಿದರು. ಅವ್ವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಆ ಗಳಿಗೆಯಲ್ಲಿ ಅವಳ ಬಾಯಿಗೆ ಬಂದದ್ದು ಒಂದು ಶಾಸ್ತ್ರ. ಕೂಸು ಹುಟ್ಟುವ ಮೊದಲು ಕೌದಿ ಮುಗಿಸಬಾರದಂತೆ, ಹಾಗಂತ ತನ್ನ ಅತ್ತೆ ಹೇಳುತ್ತಿದ್ದರಂತೆ. ನಮ್ಮ ಅಜ್ಜಿ ಅಂಥ ಮಾತನ್ನು ಎಂದೂ ಹೇಳಿರಲಿಲ್ಲ. ಜೈನಾಬಮ್ಮ ನಂಬಿದರು. ನಂಬಿದ್ದಷ್ಟೇ ಅಲ್ಲ, ಕೇರಿಗೆಲ್ಲ ಹೇಳಿದರು. ಆ ತಿಂಗಳೊಳಗೆ ನಮ್ಮ ಓಣಿಯಲ್ಲಿ ಬಸಿರಿಯರಿದ್ದ ಮನೆಗಳಲ್ಲೆಲ್ಲ ಕೌದಿಯ ಒಂದು ಮೂಲೆಯನ್ನು ಹೊಲಿಯದೆ ಬಿಟ್ಟರು. ಬಾವಿಕಟ್ಟೆಯಲ್ಲಿ ಒಬ್ಬ ಮುದುಕಿ ಇದು ತನ್ನ ತವರಿನಲ್ಲೂ ಇದ್ದ ಪದ್ಧತಿಯೇ ಎಂದು ಅವ್ವನಿಗೇ ತಿಳಿಸಿ ಹೇಳಿದಳಂತೆ. ಅದನ್ನು ಹೇಳುವಾಗ ಅವ್ವನಿಗೆ ನಗು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ನಗು ನಿಂತ ಮೇಲೆ ಅವಳು ಮುಖ ತಿರುಗಿಸಿಕೊಂಡು ಒಲೆ ಊದಿದಳು.

ಬಾಣಂತನವನ್ನು ಚನ್ನಗಿರಿಯ ಸೋದರಮಾವನ ಮನೆಗೆ ಬದಲಾಯಿಸಲಾಯಿತು. ಅಕ್ಕನಿಗೆ ಹೇಳಿದ ಕಾರಣ ನನ್ನ ನರದೌರ್ಬಲ್ಯವೇ. ಅವಳಿಗೆ ಸಿಟ್ಟು ಬಂದಿತ್ತೆಂದು ಭಾವ ಹೊನ್ನಾಳಿಯ ಮೇಲೆ ಹೋಗುವಾಗ ಹೇಳಿದರು. ಇಷ್ಟು ವರ್ಷ ಕಾದು, ಹುಟ್ಟಿದ ಮನೆಯಲ್ಲಿ ಹೆರುವ ಪುಣ್ಯವೂ ಇಲ್ಲವೇ ಎಂದು ಅತ್ತಳಂತೆ. ನಾನು ಕದದ ಹಿಂದೆ ನಿಂತು ಕೇಳಿದೆ. ಅವಳು ಬಿಟ್ಟುಕೊಟ್ಟದ್ದು ತನ್ನ ಕೂಸಿಗಾಗಿಯೇ ಎಂದು ಅವಳಿಗೆ ತಿಳಿಯದು. ತಿಳಿದರೆ ಸಿಟ್ಟು ಹೋಗಿ ಹೆದರಿಕೆ ಬರುತ್ತದೆ. ಎರಡರಲ್ಲಿ ಯಾವುದು ವಾಸಿ ಎಂದು ನನಗೆ ನಿರ್ಧರಿಸಲಾಗಲಿಲ್ಲ.

ವಾರವಾರ ಇಂಜೆಕ್ಷನ್ ನಡೆದಿತ್ತು. ಮಚ್ಚೆಯ ಅಂಚಿನ ಸುತ್ತ ಸಾಲಾಗಿ ಸೂಜಿ ಚುಚ್ಚಿ ಎಣ್ಣೆ ಬಿಡುತ್ತಿದ್ದರು. ಮಚ್ಚೆಯ ನಡುವೆ ಏನೂ ಅನ್ನಿಸುತ್ತಿರಲಿಲ್ಲ, ಅಂಚಿನಲ್ಲಿ ಜೀವ ಹೋಗುವಷ್ಟು ಉರಿಯುತ್ತಿತ್ತು. ಉರಿದಾಗ ನನಗೆ ಸಮಾಧಾನವಾಗುತ್ತಿತ್ತು. ಅಲ್ಲಿಯವರೆಗೆ ಇನ್ನೂ ನಾನಿದ್ದೇನೆ ಎಂದು ಗೊತ್ತಾಗುತ್ತಿತ್ತು. ಇಂಜೆಕ್ಷನ್ನಿನ ದಿನ ಆಸ್ಪತ್ರೆಯ ಹಿಂದಿನ ವರಾಂಡದಲ್ಲಿ ಸೇರುತ್ತಿದ್ದವರಲ್ಲಿ ಬೆರಳು ಸವೆದವರಿದ್ದರು, ಮೂಗು ಕುಸಿದವರಿದ್ದರು. ಮೊದಲ ಸಲ ನಾನು ಕಂಬದ ಆಚೆ ನಿಂತಿದ್ದೆ. ಸೂರಗೊಂಡನಕೊಪ್ಪದ ಕಡೆಯ ಒಬ್ಬ ಲಂಬಾಣಿ ಹೆಂಗಸು ತನ್ನ ಕಂಬಳಿಯನ್ನು ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. ಬಹಳ ಹೊತ್ತು ನಿಂತೇ ಇದ್ದೆ. ಕಾಲು ಸೋತ ಮೇಲೆ ಕೂತೆ.

ದಿನ ತುಂಬುವ ಮೊದಲೇ ಅವ್ವ ಚನ್ನಗಿರಿಗೆ ಹೋದಳು. ಮನೆಯಲ್ಲಿ ನಾನೊಬ್ಬಳೇ. ಹೆಣ್ಣು ಕೂಸು, ಇಬ್ಬರೂ ಕ್ಷೇಮ ಎಂದು ಅಡಿಕೆ ವ್ಯಾಪಾರಿಯೊಬ್ಬರ ಕೈಯಲ್ಲಿ ಸುದ್ದಿ ಬಂತು. ಜೈನಾಬಮ್ಮ ಅಂದೇ ಮಧ್ಯಾಹ್ನ ಬಾಗಿಲಿಗೆ ಬಂದರು.

“ಕೂಸು ಹುಟ್ತಲ್ಲ, ಇನ್ನೇನು ಅಡ್ಡಿ? ತೆಗಿ ಕೌದಿ” ಎಂದರು.

ನಾನು ಅಟ್ಟದಿಂದ ಇಳಿಸಿದೆ. ನಾಲ್ಕು ಕಡೆಯಿಂದ ಒಳಕ್ಕೆ ಬಂದಿದ್ದ ಸಾಲುಗಳ ನಡುವೆ ಒಂದು ಬಾಗಿಲಿನಷ್ಟು ಅಗಲದ ಜಾಗ ಬರಿದಾಗಿತ್ತು. ಕೌದಿಯ ಹೊಲಿಗೆ ಅಂಚಿನಿಂದ ಹೊರಟು ನಡುವಿಗೆ ಹೋಗುತ್ತದೆ. ಮೊದಲು ಎದುರು ಬದುರು ದೂರ ಕೂತವರು ಸಾಲು ಮುಗಿದಂತೆ ಹತ್ತಿರವಾಗುತ್ತಾರೆ. ನಡುವಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗುತ್ತದೆ, ಬಟ್ಟೆಯ ಕೆಳಗೆ ಕೈಗೆ ಕೈ ತಾಗುತ್ತದೆ. ಜೈನಾಬಮ್ಮ ಆಗಲೇ ಸೂಜಿಗೆ ದಾರ ಪೋಣಿಸುತ್ತಿದ್ದರು. ಹೇಳದೆ ಅವರನ್ನು ಕೂರಿಸಿಕೊಳ್ಳುವುದು ನನ್ನಿಂದಾಗಲಿಲ್ಲ. ಹೇಳಿದೆ. ರೋಗದ ಹೆಸರನ್ನೂ ಡಾಕ್ಟರ ಮಾತನ್ನೂ ಪೂರ್ತಿಯಾಗಿ, ಶಾಲೆಯಲ್ಲಿ ಪಾಠ ಒಪ್ಪಿಸುವವರಂತೆ ಹೇಳಿದೆ.

ಜೈನಾಬಮ್ಮ ಸೂಜಿಯನ್ನು ಕೌದಿಗೆ ಸಿಕ್ಕಿಸಿದರು. ಎದ್ದರು. ಮೊಮ್ಮಗ ಅಳುತ್ತಿರಬೇಕು ಎಂದು ಹೇಳಿ ಹೋದರು.

ಯಾರೂ ಅಳುತ್ತಿರಲಿಲ್ಲ. ಗೋಡೆಗೆ ಗೋಡೆ ಸೇರಿದ ಮನೆ, ನನಗೆ ಕೇಳಿಸುತ್ತಿತ್ತು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಇನ್ನು ಓಣಿಗೆಲ್ಲ ತಿಳಿಯುತ್ತದೆ, ಅವ್ವನ ಶಾಸ್ತ್ರ ಹಬ್ಬಿದ ಹಾಗೆ ಇದೂ ಹಬ್ಬುತ್ತದೆ ಎಂದು ಕಾದೆ. ಬಾವಿಗೆ ಹೋಗುವುದನ್ನು ಬಿಟ್ಟು ಹಿತ್ತಲಿನ ತೊಟ್ಟಿಯಲ್ಲಿದ್ದ ನೀರಿನಲ್ಲೇ ದಿನ ಕಳೆದೆ. ಕೌದಿ ಪಡಸಾಲೆಯಲ್ಲಿ ಹಾಸಿದ್ದಲ್ಲೇ ಇತ್ತು. ಅವರ ಸೂಜಿ ಸಿಕ್ಕಿಸಿದಲ್ಲೇ ನಿಂತಿತ್ತು. ನಾನು ಅದನ್ನು ತುಳಿಯದೆ ಪಕ್ಕದಿಂದ ಓಡಾಡುತ್ತಿದ್ದೆ.

ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಬಂದರು. ಕೈಯಲ್ಲಿ ಬಟ್ಟೆ ಮುಚ್ಚಿದ ಜೋಳದ ರೊಟ್ಟಿ. ನನ್ನ ಮುಖ ನೋಡದೆ ತಮ್ಮ ಬದಿಗೆ ಹೋಗಿ ಕೂತರು, ಸೂಜಿ ಕಿತ್ತುಕೊಂಡರು.

“ಹೆದರಿಕೆ ಆಗಿತ್ತು. ಇಲ್ಲ ಅನ್ನಂಗಿಲ್ಲ” ಎಂದರು. “ಆಮ್ಯಾಲೆ ನೆಪ್ಪಾತು. ಅವತ್ತು ನಿನ್ನ ರಕ್ತ ನಾನು ಉಗುಳು ಹಚ್ಚಿ ವರ್ಸಿದ್ನಲ್ಲ, ಅದೇ ಬೆಳ್ಳು ತಿರುಗಿ ಬಾಯಾಗ ಇಟ್ಕೊಂಡಿದ್ದೆ. ಬರಾದಿದ್ರೆ ಅವತ್ತೇ ಬಂದೈತೆ. ಇನ್ನ ದೂರ ಕುಂತು ಏನ್ ಮಾಡಾದು?”

ಓಣಿಯಲ್ಲಿ ಯಾರಿಗೆ ಹೇಳಿದಿರಿ ಎಂದು ಕೇಳಿದೆ.

“ನಿಮ್ಮವ್ವನ ಶಾಸ್ತ್ರ ಸುಳ್ಳು ಅಂತ ಅವತ್ತೇ ಗೊತ್ತಾತು, ಅದನ್ನೇ ಯಾರಿಗೂ ಹೇಳಿಲ್ಲ. ಇದನ್ನ ಹೇಳ್ತೀನಾ? ಕುಂತ್ಕ.”

ಕೂತೆ. ನಾನು ಹೊಲಿಯುವ ರೀತಿ ಬೇರೆಯಾಗಿತ್ತು. ಎಡಗೈಯನ್ನು ಕೆಳಗಿಡದೆ ಬಟ್ಟೆಯನ್ನು ಮೇಲಿನಿಂದಲೇ ನೆರಿಗೆಯಂತೆ ಎತ್ತಿ, ಸೂಜಿಯನ್ನು ಅಡ್ಡ ಹಾಯಿಸಿ, ಪ್ರತಿ ಸಲ ಬೆರಳನ್ನು ಕಣ್ಣಿಗೆ ಹತ್ತಿರ ತಂದು ನೋಡಿಕೊಳ್ಳಬೇಕು. ಹೊಲಿಗೆ ಸೊಟ್ಟಗಾಗುತ್ತಿತ್ತು. ಆಮೆ ನಡೆದಂಗೆ ಹೊಲಿತೀಯ, ಅಷ್ಟರಾಗ ಕೂಸಿಗೆ ಮದುವೆ ಆಗತೈತೆ ಎಂದು ಜೈನಾಬಮ್ಮ ಛೇಡಿಸಿದರು. ಆದರೂ ಅವರ ಸಾಲು ನನ್ನ ಸಾಲಿಗಿಂತ ಮುಂದೆ ಹೋಗಲಿಲ್ಲ. ನಡುವಿಗೆ ಬಂದಾಗ ಅವರ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತು. ಅವರು ಒಮ್ಮೆ ಬಿಗಿಯಾದದ್ದು ನನಗೆ ತಿಳಿಯಿತು. ಸರಿಯಲಿಲ್ಲ.

ನಡುವು ಮುಗಿದರೂ ಕೌದಿಯ ಒಂದು ಮೂಲೆಯನ್ನು ತೆರೆದಿಟ್ಟು ಕೊನೆಯಲ್ಲಿ ಮುಚ್ಚುತ್ತಾರೆ. ಮುಚ್ಚುವ ಮೊದಲು ಒಳಗೆ ರೊಟ್ಟಿಯ ಚೂರು ಇಡುತ್ತಾರೆ, ಕೌದಿ ಹಸಿದಿರಬಾರದೆಂದು. ಜೈನಾಬಮ್ಮ ತಾವು ತಂದ ರೊಟ್ಟಿಯನ್ನು ಮುರಿದು ಚೂರನ್ನು ನನ್ನ ಕೈಗೆ ಕೊಟ್ಟರು. ನಾನೇ ಇಟ್ಟು ಮುಚ್ಚಿದೆ.

ಅವ್ವ ಚನ್ನಗಿರಿಯಿಂದ ಬಂದವಳು ಮುಗಿದ ಕೌದಿಯನ್ನು ನೋಡಿದಳು. ಹಂಡೆಯಲ್ಲಿ ನೀರು ಕಾಯಿಸಿ ಕುದಿಸಿದಳು. ಒಣಗಿಸಿ ಮತ್ತೆ ಕುದಿಸಿದಳು. ಬಿಸಿನೀರು ಬಿದ್ದರೆ ರಕ್ತದ ಕಲೆ ಕಚ್ಚಿಕೊಳ್ಳುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು, ಆದರೆ ಅವಳ ಮನಸ್ಸು ಕಲೆಯ ಮೇಲಿರಲಿಲ್ಲ. ಅಪ್ಪನ ಪಂಚೆಯ ಮೇಲೆ ಕಂದು ಚುಕ್ಕೆಗಳ ಸಾಲು ಶಾಶ್ವತವಾಗಿ ನಿಂತಿತು.

ಐದು ತಿಂಗಳ ಬಾಣಂತನ ಮುಗಿಸಿ ಅಕ್ಕ ಗಂಡನ ಮನೆಗೆ ಹೊರಡುವ ಮೊದಲು ಹೊನ್ನಾಳಿಗೆ ಬಂದಳು. ಅವ್ವ ಅವಳಿಗೆ ಚನ್ನಗಿರಿಯಲ್ಲೇ ಹೇಳಿದ್ದಳು. ಹೊಸ್ತಿಲಲ್ಲಿ ನಿಂತ ರೀತಿಯಿಂದಲೇ ನನಗೆ ಗೊತ್ತಾಯಿತು. ಕೂಸನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದಳು. ನಾನು ಇದ್ದಲ್ಲಿಂದ ಏಳಲಿಲ್ಲ. ಅವ್ವ ಕೌದಿಯನ್ನು ತಂದು ಹಾಸಿದಳು. ಅಕ್ಕ ಬಹಳ ಹೊತ್ತು ಅದನ್ನು ನೋಡಿದಳು, ತನ್ನ ಹಳದಿ ಲಂಗದ ತುಂಡನ್ನು ಬೆರಳಿನಿಂದ ಸವರಿದಳು, ಕೂಸನ್ನು ಮೇಲೆ ಮಲಗಿಸಿದಳು. ಕೂಸು ಕಾಲಾಡಿಸಿತು. ಬೋರಲಾಯಿತು. ಕೈಗೆ ಸಿಕ್ಕಿದ ಮೂಲೆಯನ್ನು ಬಾಯಿಗೆ ಹಾಕಿಕೊಂಡಿತು.

ಅಕ್ಕ ಅದನ್ನು ಎಳೆದು ತೆಗೆದಳು.

ಕೂಸು ಅತ್ತಿತು. ದಾರ ಬಾಯಾಗ ಹೋಗತೈತೆ ಎಂದು ಅಕ್ಕ ಹೇಳಿದಳು, ನನಗಲ್ಲ, ನೆಲಕ್ಕೆ. ಹೌದು ಎಂದೆ. ಹೊರಡುವಾಗ ಕೌದಿಯನ್ನು ಮಡಚಿ ಗಂಟಿನ ಅಡಿಯಲ್ಲಿಟ್ಟುಕೊಂಡಳು. ಅದು ಜಗಳೂರಿನಲ್ಲಿ ಟ್ರಂಕು ಸೇರಿತೋ, ಸುಟ್ಟುಹೋಯಿತೋ, ಕೂಸಿನ ಕೆಳಗಿದೆಯೋ ಎಂದು ನಾನು ತಿಂಗಳುಗಟ್ಟಲೆ ಯೋಚಿಸಿದೆ. ಬಂದುಹೋಗುವ ಭಾವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ.

ಈ ವರ್ಷ ಪಂಚಮಿಗೆ ಅಕ್ಕ ತವರಿಗೆ ಬಂದಳು. ಕೂಸು ನಡೆಯಲು ಕಲಿತಿದೆ. ನನಗೆ ಈಗ ಇಂಜೆಕ್ಷನ್ ಎರಡು ವಾರಕ್ಕೊಮ್ಮೆ. ಮಚ್ಚೆಯ ಅಂಚು ಚಪ್ಪಟೆಯಾಗಿದೆ, ಹೊಸದು ಬಂದಿಲ್ಲ. ಕಿರುಬೆರಳು ತುಸು ಬಾಗಿದೆ. ಅದು ನೆಟ್ಟಗಾಗುವುದಿಲ್ಲ, ಬೆರಳಿನ ತುದಿಗೆ ಸ್ಪರ್ಶ ಮರಳುತ್ತದೆಂದು ಹೇಳಲಾಗುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ತಿಳಿಸಿದ್ದಾರೆ. ಅಷ್ಟಕ್ಕೆ ನಿಂತಿದೆಯಲ್ಲ ಎಂದು ಅವ್ವ ದೇವರಿಗೆ ಎಣ್ಣೆ ಹಾಕುತ್ತಾಳೆ.

ಅಕ್ಕ ಬಂದವಳೇ ಗಂಟು ಬಿಚ್ಚಿ ಕೌದಿಯನ್ನು ನನ್ನ ಮುಂದೆ ಹಾಕಿದಳು.

“ನಡುವೆ ಹರಿದೈತೆ. ತೇಪೆ ಹಾಕಿ ಕೊಡು. ಇದಿಲ್ದೆ ಇವಳು ಮಲಗಂಗಿಲ್ಲ.”

ಬಿಡಿಸಿದೆ. ಗುರುತು ಸಿಗದಷ್ಟು ಬಣ್ಣ ಹೋಗಿತ್ತು. ನೀಲಿ ಬೂದಿಯಾಗಿತ್ತು, ಹಳದಿ ಎಲ್ಲಿತ್ತೆಂದೇ ತಿಳಿಯುತ್ತಿರಲಿಲ್ಲ. ಕೂಸಿನ ಹಿಮ್ಮಡಿ ಒದ್ದ ಜಾಗ ಸವೆದು ಒಳಗಿನ ಅಜ್ಜಿಯ ಸೀರೆ ಕಾಣುತ್ತಿತ್ತು. ಉಚ್ಚೆಯ ವಾಸನೆ ಬಟ್ಟೆಯ ಒಳಗೇ ನಿಂತಿತ್ತು. ನಾನು ಬಣ್ಣವನ್ನು ನೋಡುತ್ತಿರುವುದನ್ನು ಅಕ್ಕ ಗಮನಿಸಿದಳು.

“ವಾರವಾರ ಕುದಿಸ್ತೀನಿ” ಎಂದಳು. “ನಿನ್ನ ಹತ್ರ ಯಾಕೆ ಮುಚ್ಚಿಡ್ಲಿ. ಕುದಿಸ್ತೀನಿ, ಒಣಗಿಸ್ತೀನಿ, ಮತ್ತೆ ಅದರ ಮ್ಯಾಲೇ ಮಲಗಿಸ್ತೀನಿ.”

ನಾನು ತಲೆಯಾಡಿಸಿದೆ. ವಾರವಾರ ನಾನು ದಾವಣಗೆರೆಯ ಬಸ್ಸಿನಲ್ಲಿ ಕೂತಿದ್ದಾಗ ಅವಳು ಅಲ್ಲಿ ಒಲೆಯ ಮುಂದೆ ಕೂತಿದ್ದಳು. ಕೌದಿಯನ್ನು ಮಗುಚಿದೆ. ಎಲ್ಲ ಬಣ್ಣವೂ ಹೋದಲ್ಲಿ ಆ ಕಂದು ಚುಕ್ಕೆಗಳು ಮಾತ್ರ ಇದ್ದ ಹಾಗೆಯೇ ಇದ್ದವು. ಅವುಗಳ ಮೇಲೂ ಒಂದು ತುಂಡು ಹಾಕಿ ಮುಚ್ಚಲೇ ಎಂದು ಅಕ್ಕನನ್ನು ಕೇಳಿದೆ.

ಅಕ್ಕ ಬಗ್ಗಿ ನೋಡಿದಳು.

“ಅಲ್ಲಿ ಹರಿದಿಲ್ಲಲ್ಲ” ಎಂದಳು. “ಹರಿದಲ್ಲಿ ಹಾಕು, ಸಾಕು.”

ಸೂಜಿಗೆ ದಾರ ಪೋಣಿಸಿದೆ. ಕೂಸು ಬಂದು ಕೌದಿಯ ಆ ತುದಿಯಲ್ಲಿ ಕೂತುಕೊಂಡಿತು. ಅಕ್ಕ ಅದನ್ನು ಎತ್ತಿಕೊಳ್ಳಲಿಲ್ಲ. ನಾನು ಪ್ರತಿ ಹೊಲಿಗೆಗೂ ಬೆರಳನ್ನು ನೋಡಿಕೊಳ್ಳುತ್ತ ಹರಿದ ಅಂಚಿನಿಂದ ಶುರುಮಾಡಿದೆ.